ತೂಬಿಗೆ ಇಳಿಯುವ ಆಟಿಕೆ ಲಾರಿ

ಬೆಳಗಿನ ಐದೂಮುಕ್ಕಾಲು. ಹೆಬ್ಬೂರಿನಿಂದ ಒಂದಷ್ಟು ದೂರ ಒಳಗಿರುವ, ಏಪ್ರಿಲ್ ಬಿಸಿಲಿಗೆ ಬತ್ತಿದ ಒಂದು ಕೆರೆ. ಏರಿಯ ಕೆಳಗೆ, ತೂಬಿನ ಬಾಯಿಯ ಎದುರು ಐವತ್ತೆರಡು ವರ್ಷದ ತಿಪ್ಪಯ್ಯ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಕೆರೆಯ ನೀರನ್ನು ಏರಿಯ ಹೊಟ್ಟೆಯೊಳಗಿಂದ ಗದ್ದೆಗೆ ಬಿಡುವ ಕಲ್ಲಿನ ಕಾಲುವೆಯೇ ತೂಬು. ಬಾಯಿ ಒಂದೂವರೆ ಅಡಿ ಅಗಲ, ಎರಡಡಿ ಎತ್ತರ. ಅದರಾಚೆ ಎಪ್ಪತ್ತೆರಡು ಅಡಿ ಕತ್ತಲೆ. ತಿಪ್ಪಯ್ಯನವರ ಮಡಿಲಲ್ಲಿ ಉದ್ದನೆಯ ಏರಿಯಲ್ ಇರುವ ಒಂದು ಡಬ್ಬಿ ಇದೆ, ಕಾಲ ಬಳಿ ಮೊಳದುದ್ದದ ಒಂದು ಆಟಿಕೆ ಲಾರಿ.

ಐದು ಮಾರು ದೂರದಲ್ಲಿ, ಗದ್ದೆಗಳಿಗೆ ಕೆರೆಯ ನೀರು ಬಿಡುವ ಊರಿನ ನೀರುಗಂಟಿ ಕೆಂಪಯ್ಯ ಒಂದು ಕಲ್ಲಿನ ಮೇಲೆ ಕೂತಿದ್ದಾನೆ. ಮೈಮೇಲೆ ಲಂಗೋಟಿ ಬಿಟ್ಟರೆ ಬಟ್ಟೆಯಿಲ್ಲ. ತಲೆಯಿಂದ ಹಿಮ್ಮಡಿಯವರೆಗೆ ಹರಳೆಣ್ಣೆ ಸವರಿಕೊಂಡಿದ್ದಾನೆ. ತೂಬಿನಲ್ಲಿ ಹೂಳು ತುಂಬಿದೆ. ಮಳೆಗಾಲಕ್ಕೆ ಮೊದಲು ಹೂಳು ತೆಗೆಯದಿದ್ದರೆ ಏರಿಗೇ ಸಂಚಕಾರ. ಲಾರಿ ಕೆರೆಯ ಕಡೆಯ ಕೊನೆಗೆ ಒಂದು ದಾರ ಮುಟ್ಟಿಸಿದರೆ ಸಾಕು, ದಾರದ ಹಿಂದೆ ಹಗ್ಗ, ಹಗ್ಗದ ಹಿಂದೆ ಸರಪಳಿ, ಸರಪಳಿಗೆ ಕಟ್ಟಿದ ಜಾಲಿಮುಳ್ಳಿನ ಹೊರೆ ಎಳೆದು ಹೂಳನ್ನು ಹೊರಗೆ ಹಾಕಬಹುದು. ಹನ್ನೊಂದು ಗಂಟೆಯೊಳಗೆ ಲಾರಿ ಮುಟ್ಟಿಸದಿದ್ದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೆಂಪಯ್ಯನೇ ಒಳಗೆ ತೆವಳಬೇಕು. ಊರಿನ ಹಿರಿಯರು ಹಾಗೆಂದು ತೀರ್ಮಾನಿಸಿದ್ದಾರೆ. ಹಿರಿಯರಿಗೇನು, ಅವರಾರೂ ಎಣ್ಣೆ ಹಚ್ಚಿಕೊಂಡಿಲ್ಲ.

ತುಮಕೂರಿನಿಂದ ಹಿಂದಿನ ದಿನವೇ ಬಂದು ಹೆಬ್ಬೂರಿನಲ್ಲಿ ಉಳಿದಿದ್ದವನು ನಾನು. ‘ರೇಡಿಯೋ ಲಾರಿ ತಿಪ್ಪಯ್ಯ’ ಎಂಬ ಹೆಸರು ಕೇಳಿ, ಭಾನುವಾರದ ಪುರವಣಿಗೆ ಒಳ್ಳೆ ತಮಾಷೆಯ ಲೇಖನವಾದೀತು ಎಂದುಕೊಂಡು ಹೊರಟಿದ್ದೆ. “ತಿಪ್ಪಯ್ಯನವ್ರೇ, ಶುರು ಮಾಡೋಣ್ವಾ?” ಎಂದು ಕೂಗಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು. ಹತ್ತಿರ ಕರೆದು ಕಿವಿಯಲ್ಲಿ ಹೇಳಿದರು:

“ತೂಬ್ನ ಮುಂದೆ ಯಾರ್ ಹೆಸ್ರೂ ಎತ್ಬ್ಯಾಡಿ ಸ್ವಾಮಿ. ಒಳ್ಗಡೆ ಇರೋದು ಹೆಸ್ರು ಕಲ್ತ್ಕತ್ತದೆ.”

“ಒಳಗಡೆ ಏನಿದೆ?”

“ಏನೂ ಇಲ್ಲ ಬುಡಿ,” ಎಂದು ಅವರು ಡಬ್ಬಿಯ ಸ್ವಿಚ್ಚು ಹಾಕುತ್ತಾರೆ.

ಲಾರಿ ಗುಂಯ್ ಎನ್ನುತ್ತಾ ಕತ್ತಲೆಗೆ ನುಗ್ಗುತ್ತದೆ. ಹಿಂದೆ ನೈಲಾನ್ ದಾರ ಹರಿದುಹೋಗುತ್ತದೆ. ದಾರಕ್ಕೆ ಅಡಿಗೊಂದು ಗಂಟು. ಎಡಗೈ ಬೆರಳುಗಳ ಸಂದಿಯಲ್ಲಿ ಜಾರುವ ಗಂಟುಗಳನ್ನು ತಿಪ್ಪಯ್ಯ ತುಟಿಯಲ್ಲೇ ಎಣಿಸುತ್ತಾರೆ. ಹತ್ತು. ಇಪ್ಪತ್ತು. ಮೂವತ್ತೈದು. ಮೋಟಾರಿನ ಸದ್ದು ಕಲ್ಲಿನೊಳಗೆ ಸಣ್ಣದಾಗುತ್ತಾ ಹೋಗಿ ಕೊನೆಗೆ ನಿಲ್ಲುತ್ತದೆ. ನಲವತ್ತೊಂದನೆಯ ಅಡಿಯಲ್ಲಿ ತೂಬು ಎಡಕ್ಕೆ ತಿರುಗುತ್ತದೆ. ತಿರುವು ಬಂದಾಗ ಲಾರಿಯನ್ನು ಒಂದು ನಿಮಿಷ ನಿಲ್ಲಿಸುವುದು ಯಾವ ತೂಬಿನಲ್ಲೂ ಅವರ ಪದ್ಧತಿ. ಬಲಗೈಯ ಹೆಬ್ಬೆರಳನ್ನು ಡಬ್ಬಿಯ ಕಡ್ಡಿಯಿಂದ ತೆಗೆದು ಗಾಳಿಯಲ್ಲಿ ಎತ್ತಿ ನನಗೆ ತೋರಿಸುತ್ತಾರೆ.

ದಾರ ಮಾತ್ರ ನಿಲ್ಲುವುದಿಲ್ಲ. ನಲವತ್ತೆರಡು. ನಲವತ್ತಮೂರು. ನಲವತ್ತನಾಲ್ಕು. ಮೋಟಾರಿನ ಸದ್ದಿಲ್ಲ, ಕಡ್ಡಿಯ ಮೇಲೆ ಬೆರಳಿಲ್ಲ, ಆದರೂ ಒಂದೊಂದೇ ಗಂಟು ಸಾವಕಾಶವಾಗಿ ಒಳಗೆ ಹೋಗುತ್ತಿದೆ. ಆಮೇಲೆ ದಾರ ನಿಂತಿತು. ತಿಪ್ಪಯ್ಯ ದಾರವನ್ನು ನನ್ನ ಬೆರಳಿಗೆ ದಾಟಿಸಿದರು. ನಾನು ಹಿಡಿದುಕೊಂಡಿದ್ದಂತೆಯೇ ಒಳಗಿನಿಂದ ಯಾರೋ ಜಗ್ಗಿದರು. ಒಂದು ಸಲ. ಇನ್ನೊಂದು ಸಲ.

ತಿಪ್ಪಯ್ಯ ದಾರ ಕಿತ್ತುಕೊಂಡು ಎರಡೂ ಕೈಯಲ್ಲಿ ಎಳೆಯತೊಡಗಿದರು. ಆ ವಯಸ್ಸಿನವರು ಅಷ್ಟು ವೇಗವಾಗಿ ಎಳೆದದ್ದನ್ನು ನಾನು ಕಂಡಿಲ್ಲ. ಲಾರಿ ಹಿಂದುಮುಂದಾಗಿ ಹೊರಗೆ ಬಂದು ಅವರ ಮಡಿಲಿಗೆ ಬಿತ್ತು. ಅದರ ಹಿಂದೆಯೇ ಒಳಗೆ ದಡ್ ಎಂದು ಏನೋ ಕುಸಿದ ಸದ್ದು, ಆಮೇಲೆ ಕೆಸರಿನ ತಣ್ಣನೆಯ ಗಾಳಿ. ಕೆಂಪಯ್ಯ ಕಲ್ಲಿನಿಂದ ಎದ್ದು ನಿಂತು, ಮತ್ತೆ ಕೂತ.

ಲಾರಿಯ ಮುಂದಿನ ಅಚ್ಚು ಬಾಗಿದೆ. ಒಂದು ಗಿಯರಿನ ಮೂರು ಹಲ್ಲು ಹೋಗಿವೆ. ಏರಿಯ ಪಕ್ಕದ ಹೊಂಗೆಮರದ ಕೆಳಗೆ ತಿಪ್ಪಯ್ಯ ಗೋಣಿಚೀಲ ಹಾಸಿ, ಬಿಸ್ಕತ್ತಿನ ಡಬ್ಬ ತೆರೆದು ರಿಪೇರಿಗೆ ಕೂರುತ್ತಾರೆ. ಸಣ್ಣ ಸೀಮೆಎಣ್ಣೆ ಒಲೆಯ ಮೇಲೆ ಬೆಸುಗೆಯ ಕಡ್ಡಿ ಕಾಯುತ್ತದೆ. ನನ್ನ ನೋಟ್‌ಬುಕ್ ತೆರೆದುಕೊಳ್ಳುವುದೂ ಅಲ್ಲಿಯೇ.

ತಿಪ್ಪಯ್ಯನವರಿಗೆ ಗುಬ್ಬಿಯ ಬಸ್ ನಿಲ್ದಾಣದ ಹತ್ತಿರ ಮಂಚದಗಲದ ಒಂದು ಅಂಗಡಿ ಇದೆ. ಟಾರ್ಚು, ಕೊಡೆ, ಅಲಾರಂ ಗಡಿಯಾರ, ರೇಡಿಯೋ, ಬಂದದ್ದೆಲ್ಲ ರಿಪೇರಿ. ದಿನಕ್ಕೆ ಏನಿಲ್ಲವೆಂದರೂ ಹತ್ತು ಹನ್ನೆರಡು ಸಾಮಾನು ಕೈದಾಟುತ್ತವೆ. ಮೂರು ವರ್ಷದ ಹಿಂದೆ, ಎಂಬತ್ತಮೂರರಲ್ಲಿ, ತುಮಕೂರಿನ ಒಬ್ಬ ವರ್ತಕರು ಈ ಲಾರಿ ತಂದರು. ಕುವೈತಿನಿಂದ ನೆಂಟರು ತಂದುಕೊಟ್ಟದ್ದಂತೆ. ಮೊಮ್ಮಗ ಎರಡೇ ದಿನದಲ್ಲಿ ಪ್ಲಾಸ್ಟಿಕ್ ಗಿಯರನ್ನು ಪುಡಿ ಮಾಡಿದ್ದ. ಅಂಥ ಗಿಯರು ಇಲ್ಲೆಲ್ಲಿ ಸಿಗಬೇಕು? ತಿಪ್ಪಯ್ಯ ಹಳೆಯ ಅಲಾರಂ ಗಡಿಯಾರದ ಹಿತ್ತಾಳೆ ಚಕ್ರವೊಂದನ್ನು ಅರದಲ್ಲಿ ಉಜ್ಜಿ ಕೂರಿಸಿದರು. ಅಷ್ಟರಲ್ಲಿ ಮೊಮ್ಮಗನಿಗೆ ಬೇರೆ ಆಟಿಕೆ ಬಂದಿತ್ತು. ನೀನೇ ಇಟ್ಟುಕೋ ಎಂದರು ವರ್ತಕರು.

“ಅಂಗ್ಡಿ ಮುಂದೆ ಜಲ್ಲಿ ರಾಶಿ ಹಾಕಿದ್ರು ಸ್ವಾಮಿ. ಅದ್ರ ಮ್ಯಾಲೆ ಬುಟ್ಟು ನೋಡ್ದೆ. ತಂತಿ ಇಲ್ಲ, ಏನಿಲ್ಲ, ತಾನೇ ಹತ್ಕಂಡ್ ಹೋಯ್ತು. ನಂಗೆ ಕೈಕಾಲೆಲ್ಲ ತಣ್ಗಾಗೋಯ್ತು. ಮನ್ಸ ಹೋಗೋ ಜಾಗಕ್ಕೆ ಇದು ಹೋಯ್ತದಲ್ಲ ಅಂತ.”

ಅಲ್ಲಿಂದ ಶುರುವಾಯಿತು ಲಾರಿಯ ಮರುಹುಟ್ಟು. ಮೊದಲ ಸಲ ತೂಬಿಗೆ ಬಿಟ್ಟಾಗ ಅದು ಒಂಬತ್ತು ಅಡಿ ಹೋಗಿ ಸತ್ತಿತು. ಉಳಿದ ಪ್ಲಾಸ್ಟಿಕ್ ಗಿಯರುಗಳೂ ಹೋಗಿ ಹಿತ್ತಾಳೆ ಬಂತು. ತಂತಿಯಂಥ ಅಚ್ಚು ಹೋಗಿ ಕೊಡೆಯ ಉಕ್ಕಿನ ಕಡ್ಡಿ ಬಂತು. ಚಕ್ರಗಳಿಗೆ ಸೈಕಲ್ ಟ್ಯೂಬಿನ ಪಟ್ಟಿ, ಪಟ್ಟಿಗೆ ಚಪ್ಪಲಿ ಹೊಲಿಯುವವರ ಸಣ್ಣ ಮೊಳೆ. ಗಿಯರಿನ ಪೆಟ್ಟಿಗೆಗೆ ನೀರು ಹೋಗದಂತೆ ಜೇನುಮೇಣ ಮತ್ತು ಗ್ರೀಸು. ಚೆಂದದ ಕೆಂಪು ಬಾಡಿ ಮೊದಲ ಮಳೆಗಾಲದಲ್ಲೇ ಒಡೆದುಹೋಗಿ ಈಗ ಹಾಲಿನಪುಡಿ ಡಬ್ಬದ ತಗಡು ಕೂತಿದೆ. ತಿರುಗಿಸುವ ಚಕ್ರವನ್ನು ತಿಪ್ಪಯ್ಯ ಕಿತ್ತೇ ಹಾಕಿದ್ದಾರೆ. ಅದರ ಬದಲು ಮುಂದಿನ ಎರಡು ಮೂಲೆಗೆ ಹೊಲಿಗೆ ದಾರದ ಖಾಲಿ ಉರುಳೆ ಸಿಕ್ಕಿಸಿದ್ದಾರೆ. ತಿರುವಿನಲ್ಲಿ ಉರುಳೆ ಗೋಡೆಗೆ ತಾಗಿ ಉರುಳಿದರೆ ಲಾರಿ ತಾನಾಗಿ ತಿರುಗಿಕೊಳ್ಳುತ್ತದೆ. ಕಲ್ಲಿನೊಳಗೆ ರೇಡಿಯೋ ಸರಿಯಾಗಿ ಕೇಳುವುದಿಲ್ಲವೆಂದು ನೈಲಾನ್ ದಾರದ ಜೊತೆ ಕೂದಲೆಳೆಯ ತಾಮ್ರದ ತಂತಿ ಹೊಸೆದಿದ್ದಾರೆ. ಇಷ್ಟಕ್ಕೂ ಅವರು ಓದಿದ್ದು ನಾಲ್ಕನೆಯ ತರಗತಿ. ನನ್ನ ಡಿಗ್ರಿಯನ್ನು ನಾನು ಆ ಹೊತ್ತಿನಲ್ಲಿ ನೆನಪಿಸಿಕೊಳ್ಳಲಿಲ್ಲ.

ಲಾರಿ ಈವರೆಗೆ ಇಳಿದದ್ದು ಗುಬ್ಬಿ, ಕುಣಿಗಲ್, ತುಮಕೂರು ಸುತ್ತಿನ ಮೂವತ್ತೊಂದು ತೂಬಿಗೆ. ಇಪ್ಪತ್ತಾರರಲ್ಲಿ ದಾರ ಮುಟ್ಟಿಸಿದೆ. ಐದರಲ್ಲಿ ಕೊನೆಗೂ ಮನುಷ್ಯರು ಇಳಿಯಬೇಕಾಯಿತು, ಐವರೂ ಬದುಕಿ ಬಂದರು. ತಿಪ್ಪಯ್ಯ ಕೂಲಿ ಕೇಳುವುದಿಲ್ಲ, ಊರಿನವರು ಬ್ಯಾಟರಿ ಸೆಲ್ಲು ತಂದುಕೊಟ್ಟರೆ ಮುಗಿಯಿತು.

“ನೋಡಿ ಇಲ್ಲಿ,” ಎಂದು ಅವರು ಕೆಟ್ಟ ಗಿಯರನ್ನು ನನ್ನ ಅಂಗೈಗೆ ಹಾಕುತ್ತಾರೆ. ಉಳಿದ ಹಲ್ಲುಗಳು ಒಂದೇ ಕಡೆಗೆ ವಾಲಿವೆ. “ಹೂಳ್ನಾಗೆ ಮುಂದಕ್ಕೆ ಹೋಗಿ ಸವುದ್ರೆ ಈ ಕಡೀಕೆ ಬಗ್ತವೆ. ಇವು ಆ ಕಡೀಕೆ ಬಗ್ಗವೆ. ಯಾರೋ ಚಕ್ರ ಹಿಡ್ಕಂಡು ತಿರುವ್ದಂಗೆ.”

“ನೀವು ಹಿಂದಕ್ಕೆ ಎಳೆದಾಗ ಬಗ್ಗಿರಬೇಕು.”

“ಇರ್ಬೌದು ಸ್ವಾಮಿ.”

“ದಾರ ತಾನಾಗಿ ಹೋಯಿತಲ್ಲ, ತಿರುವಿನ ಆಚೆ ಇಳಿಜಾರು ಇದ್ದೀತು. ಲಾರಿ ಜಾರಿದೆ.”

“ಇರ್ಬೌದು.”

“ಜಗ್ಗಿದ್ದು, ದಾರ ಕಲ್ಲಿನ ಮೂಲೆಗೆ ಸಿಕ್ಕಿ ಬಿಟ್ಟಿದ್ದರಿಂದ.”

“ಅದೂ ಇರ್ಬೌದು ಬುಡಿ.”

ನಾನು ಹೇಳಿದ ಯಾವುದನ್ನೂ ಅವರು ಅಲ್ಲವೆನ್ನಲಿಲ್ಲ. ದೆವ್ವ ಭೂತ ಎಂದು ಅವರೇನಾದರೂ ವಾದಕ್ಕೆ ಬಂದಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಅವರು ಒಪ್ಪಿಕೊಳ್ಳುತ್ತಾ ಹೋದ ಹಾಗೆ ನನಗೆ ನನ್ನ ಮಾತಿನ ಮೇಲೇ ನಂಬಿಕೆ ಕಡಿಮೆಯಾಯಿತು.

ಹೊಸ ಗಿಯರು ಕೂರಿಸುತ್ತಾ ಅವರು ಉಳಿದದ್ದನ್ನು ಹೇಳಿದರು. ತಿಪ್ಪಯ್ಯ ಹುಟ್ಟಿದ್ದು ಇದೇ ಊರಿನಲ್ಲಿ, ನೀರುಗಂಟಿಗಳ ಮನೆಯಲ್ಲಿ. ಮೂವತ್ತೊಂದು ತೂಬಿಗೆ ಹೋದವರು ತಮ್ಮೂರಿನ ತೂಬಿಗೆ ಮಾತ್ರ ಇವತ್ತಿನವರೆಗೂ ಬಂದಿರಲಿಲ್ಲ. ಕೆಂಪಯ್ಯನ ಹೆಂಡತಿ ಗುಬ್ಬಿಗೆ ಬಂದು ಅಂಗಡಿ ಮುಂದೆ ಅತ್ತಮೇಲೆ ಒಪ್ಪಿಕೊಂಡರು. ಎಪ್ಪತ್ತೊಂದರಲ್ಲಿ ಈ ತೂಬಿನೊಳಗೆ ಸತ್ತವನು ಅವರ ಅಣ್ಣ ಚಿಕ್ಕಬೀರಯ್ಯ.

ತೂಬಿಗೆ ಇಳಿದವನ ಸೊಂಟದಲ್ಲಿ ಹಗ್ಗ ಇರುತ್ತದೆ. ಒಳಗಿನಿಂದ ಕೂಗಿದರೆ ಹೊರಗೆ ಕೇಳಿಸದು, ಹಾಗಾಗಿ ಹಗ್ಗ ಜಗ್ಗುವುದೇ ಮಾತು. ಈ ಊರಿನಲ್ಲಿ ಒಂದು ಸಲ ಜಗ್ಗಿದರೆ ಹಗ್ಗ ಬಿಡು, ಎರಡು ಸಲ ಜಗ್ಗಿದರೆ ನನ್ನನ್ನು ಎಳೆದುಕೋ. ಆದರೆ ತಿಪ್ಪಯ್ಯ ಮದುವೆಯಾಗಿ ಒಂಬತ್ತು ವರ್ಷ ಕುಣಿಗಲ್ ಕಡೆಯ ಮಾವನ ಮನೆಯಲ್ಲಿದ್ದು, ಅಲ್ಲಿ ಹಗ್ಗ ಹಿಡಿದು ಪಳಗಿದ್ದರು. ಆ ಊರಿನ ಲೆಕ್ಕ ತಿರುಗುಮುರುಗು. ಅಲ್ಲಿ ಒಂದು ಸಲವೆಂದರೆ ಎಳೆ, ಎರಡು ಸಲವೆಂದರೆ ಬಿಡು. ಯುಗಾದಿಗೆಂದು ಊರಿಗೆ ಬಂದವರನ್ನು ಅಣ್ಣ ಹಗ್ಗ ಹಿಡಿಯಲು ಕರೆದ. ಸ್ವಂತ ತಮ್ಮ, ಚಿಕ್ಕಂದಿನಿಂದ ನೋಡಿದವನು. ಲೆಕ್ಕ ಕೇಳಬೇಕೆಂದು ಅವನಿಗೂ ಹೊಳೆಯಲಿಲ್ಲ, ಇವರಿಗೂ ಹೊಳೆಯಲಿಲ್ಲ.

“ಎಲ್ಡ್ ಸಲ ಜಗ್ದ. ಹಗ್ಗ ಬುಟ್ಟೆ. ಇನ್ನೆಲ್ಡ್ ಸಲ ಜಗ್ದ. ಮತ್ತೂ ಬುಟ್ಟೆ. ಏಳ್ ಕಿತ ಅಂಗೇ ಜಗ್ದ ಸ್ವಾಮಿ, ಏಳ್ ಕಿತಾನೂ ಬುಟ್ಟೆ. ನಂಗೆ ಖುಸಿ. ನಮ್ಮಣ್ಣ ಎಂಗ್ ಮುಂದಕ್ ಹೋಯ್ತಾವ್ನೆ ನೋಡು ಅಂತ ಪಕ್ದಾಗಿದ್ದೋರ್ಗೆ ಹೇಳ್ದೆ. ನಗ್ತಾ ಹೇಳ್ದೆ.”

ಅವರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತ್ತು. ನನಗೆ ಬರೆಯಲಾಗಲಿಲ್ಲ, ಪೆನ್ನು ಮುಚ್ಚಿ ಕೂತೆ. ನನಗೆ ಅಳು ಬಂದಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಇದನ್ನು ಪತ್ರಿಕೆಯಲ್ಲಿ ಹಾಕಬಹುದೇ, ಅಣ್ಣನ ಮನೆಯವರಿಗೆ ಗೊತ್ತೇ ಎಂದು ಕೇಳಿದೆ.

“ಅವತ್ತೇ ಅತ್ಗೆಗೆ ಹೇಳ್ದೆ. ಬೈನಿಲ್ಲ, ಹೊಡೀನಿಲ್ಲ. ಎಷ್ಟ್ ಸಲ ಜಗ್ದ ಅಂತ ಒಂದೇ ಮಾತ್ ಕೇಳಿದ್ಲು. ಏಳು ಅಂದೆ. ಎದ್ದು ಒಳೀಕ್ ಹೋದ್ಲು. ಆಮ್ಯಾಕೆ ಇವತ್ತಿನ್ ತಂಕ ನನ್ ಕೈಲಿ ಅದ್ರ ಮಾತು ಎತ್ತಿಲ್ಲ.”

ಹತ್ತೂಕಾಲಿಗೆ ಲಾರಿ ಸಿದ್ಧವಾಯಿತು. ಮುಂದಿನ ಅಚ್ಚಿಗೆ ಇನ್ನೊಂದು ಕೊಡೆಕಡ್ಡಿಯನ್ನು ಜೋಡಿಯಾಗಿ ಬೆಸೆದಿದ್ದಾರೆ. ಹಿಂದಕ್ಕೆ ಭಾರ ಸಾಲದೆಂದು ತಕ್ಕಡಿಯ ಸೀಸದ ತುಂಡು ಕಟ್ಟಿದ್ದಾರೆ. ಅಷ್ಟರಲ್ಲಿ ಏರಿಯ ಮೇಲೆ ಒಂದಿಪ್ಪತ್ತು ಜನ ಸೇರಿದ್ದರು. ಅವರಲ್ಲಿ ಬಿಳಿ ಕೂದಲಿನ, ಗಟ್ಟಿ ಮೈಕಟ್ಟಿನ ಒಬ್ಬ ಹೆಂಗಸು ಬೇರೆಯವರಿಂದ ದೂರ ಕೂತಿದ್ದರು. ತಿಪ್ಪಯ್ಯ ಅವರನ್ನು ಕಂಡು ತಲೆ ತಗ್ಗಿಸಿದರು. ರೇವಮ್ಮ, ಚಿಕ್ಕಬೀರಯ್ಯನ ಹೆಂಡತಿ. ಹದಿನೈದು ವರ್ಷದಲ್ಲಿ ಆಕೆ ಈ ಏರಿಯ ಕಡೆ ಕಾಲಿಟ್ಟದ್ದು ಇದೇ ಮೊದಲಂತೆ.

ಲಾರಿ ಮತ್ತೆ ಇಳಿಯುತ್ತದೆ. ಗಂಟುಗಳು ಜಾರುತ್ತವೆ. ಇಪ್ಪತ್ತು, ಮೂವತ್ತು, ನಲವತ್ತೊಂದು. ತಿರುವು ದಾಟುತ್ತದೆ. ನಲವತ್ತನಾಲ್ಕಕ್ಕೆ ದಾರ ನಿಲ್ಲುತ್ತದೆ. ತಿಪ್ಪಯ್ಯ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ, ಬಿಡುತ್ತಾರೆ, ಒತ್ತುತ್ತಾರೆ. ಲಾರಿ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಕಿವಿಯನ್ನು ಕಲ್ಲಿಗೆ ಕೊಟ್ಟರೆ ಮೋಟಾರು ಗುಂಯ್‌ಗುಡುವುದು ಕೇಳುತ್ತದೆ. ಅದರ ಹಿಂದೆ ಇನ್ನೊಂದು ಸದ್ದು, ಕೆಸರಿನಲ್ಲಿ ಯಾರೋ ಮೊಣಕೈ ಊರಿ ಊರಿ ಸರಿದ ಹಾಗೆ. ಈ ಸದ್ದು ನನಗೊಬ್ಬನಿಗೆ ಕೇಳಿಸಿತೋ ಏನೋ, ನಾನು ಯಾರನ್ನೂ ಕೇಳಲಿಲ್ಲ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಸೆಲ್ಲು ಮುಗಿದರೆ ಕತೆಯೂ ಮುಗಿಯಿತು. ಬೆಳಿಗ್ಗೆ ಒಳಗೆ ಕುಸಿದ ಸುದ್ದಿ ಎಲ್ಲರಿಗೂ ಮುಟ್ಟಿದೆ, ಆದರೂ ಯಾರೊಬ್ಬರೂ ಬೇಡವೆನ್ನುವುದಿಲ್ಲ. ಕೆಂಪಯ್ಯ ಎದ್ದು ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳತೊಡಗಿದ. ಎಣ್ಣೆಗೈಯಲ್ಲಿ ಜಾರಿ ಗಂಟು ಎರಡು ಸಲ ಬಿಚ್ಚಿಹೋಯಿತು.

ರೇವಮ್ಮ ಏರಿಯಿಂದ ಇಳಿದು ಬಂದರು. ಯಾರ ಕಡೆಗೂ ನೋಡಲಿಲ್ಲ. ತೂಬಿನ ಬಾಯಿಯ ಮುಂದೆ ಮಂಡಿಯೂರಿ, ಎರಡೂ ಕೈ ಕಲ್ಲಿನ ಮೇಲಿಟ್ಟು, ತಲೆಯನ್ನು ಒಳಕ್ಕೆ ತೂರಿ ಕೂಗಿದರು.

“ಚಿಕ್‌ಬೀರಾ! ಬುಡು ಅದ್ನ. ಹೋಗ್ಲಿ ಬುಡು. ನಿನ್ ತಮ್ಮ ಕಳಿಸವ್ನೆ ಕಣೋ.”

ಏರಿಯ ಮೇಲಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳುವುದುಂಟೆ, ಅದೂ ತೂಬಿನ ಮುಂದೆ? ಕೂಗು ಕಲ್ಲಿನೊಳಗೆ ಉರುಳಿಕೊಂಡು ಹೋಯಿತು. ತಿರುಗಿ ಬರಲಿಲ್ಲ. ಅಂಥ ಕೊಳವೆಯಲ್ಲಿ ಮಾರ್ದನಿ ಬರಲೇಬೇಕು, ಬೆಳಿಗ್ಗೆ ನಾನು ಕೆಮ್ಮಿದ್ದೂ ತಿರುಗಿ ಬಂದಿತ್ತು. ಇದು ಮಾತ್ರ ಬರಲಿಲ್ಲ.

ತಿಪ್ಪಯ್ಯನವರ ಬೆರಳ ಸಂದಿಯಲ್ಲಿ ಗಂಟು ಜಾರಿತು. ನಲವತ್ತೈದು. ನಲವತ್ತಾರು. ಅವರು ಗಟ್ಟಿಯಾಗಿಯೇ ಎಣಿಸತೊಡಗಿದರು. ಐವತ್ತು ದಾಟಿತು, ಅರವತ್ತು ದಾಟಿತು, ಏರಿಯ ಮೇಲಿನವರೆಲ್ಲ ಜೊತೆಗೂಡಿದರು. ಎಪ್ಪತ್ತೆರಡು ಎನ್ನುವ ಹೊತ್ತಿಗೆ ಏರಿಯಾಚೆ ಕೆರೆಯಂಗಳದಲ್ಲಿ ಕಾದಿದ್ದವರಿಂದ “ಬಂತು! ಬಂತು!” ಎಂಬ ಕೂಗೆದ್ದಿತು.

ಕೆಸರು ಸಡಿಲವಾಗಿ ಚಕ್ರಕ್ಕೆ ಹಿಡಿತ ಸಿಕ್ಕಿರಬೇಕು. ಓದುಗರಿಗೆ ಬೇಕಾದರೆ ಹೀಗೆಂದುಕೊಳ್ಳಬಹುದು. ನನಗೂ ಹಗಲಿನಲ್ಲಿ ಹಾಗೆಯೇ ಅನ್ನಿಸುತ್ತದೆ.

ಕೆಂಪಯ್ಯ ಹಗ್ಗ ಬಿಚ್ಚಿ ಎಸೆದು, ಸೀಗೆಪುಡಿ ತರಲು ಹೆಂಡತಿಗೆ ಹೇಳಿ ಬಾವಿಯ ಕಡೆ ನಡೆದ. ಹರಳೆಣ್ಣೆ ಒಂದು ಸ್ನಾನಕ್ಕೆ ಬಿಡುವುದಿಲ್ಲ ಎಂದು ಯಾರೋ ರೇಗಿಸಿದರು. “ಹತ್ತು ಸ್ನಾನ ಮಾಡ್ತೀನಿ ಕಣ್ರಲಾ,” ಎಂದು ಅವನು ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ. ದಾರದ ಹಿಂದೆ ಹಗ್ಗ ಹೋಯಿತು, ಸರಪಳಿ ಹೋಯಿತು. ಮಧ್ಯಾಹ್ನದ ಹೊತ್ತಿಗೆ ತೂಬಿನ ಬಾಯಿಂದ ಕಪ್ಪು ಹೂಳು ಹೊರಳಿ ಹೊರಳಿ ಬಂತು, ಜೊತೆಗೆ ಬೆಳಿಗ್ಗೆ ಕುಸಿದ ಕಲ್ಲಿನ ಚೂರುಗಳೂ ಬಂದವು. ಒಂದೊಂದೂ ತೆಂಗಿನಕಾಯಿಯಷ್ಟು ದಪ್ಪ.

ರೇವಮ್ಮ ಮನೆಗೆ ಹೊರಟವರು ತಿಪ್ಪಯ್ಯನ ಹತ್ತಿರ ನಿಂತರು. “ಉಂಡ್ಕಂಡ್ ಹೋಗು. ಮುದ್ದೆ ಇಕ್ಕಿರ್ತೀನಿ,” ಎಂದಷ್ಟೇ ಹೇಳಿದರು. ತಿಪ್ಪಯ್ಯ ತಲೆಯಾಡಿಸಿದರು.

ಹೊರಡುವ ಮುನ್ನ ನಾನು ಪುರವಣಿಯವರ ಮಾಮೂಲಿ ಪ್ರಶ್ನೆ ಕೇಳಿದೆ. ಸರ್ಕಾರದಿಂದ ಏನಾದರೂ ಆಗಬೇಕೇ? ಹೊಸ ಲಾರಿಯೊಂದು ಸಿಕ್ಕರೆ ಒಳ್ಳೆಯದಲ್ಲವೇ? ಅವರು ಲಾರಿಯ ಚಕ್ರದ ಕೆಸರನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಲ್ಲಿ ತಿಕ್ಕುತ್ತಿದ್ದರು.

“ಇದೇ ಸಾಕು ಸ್ವಾಮಿ, ಕೆಟ್ರೆ ಮಾಡ್ಕತೀನಿ. ಎಲ್ಲಾ ತೂಬ್ಗೂ ನಾನು ಹೋಗೋಕಾಯ್ತದಾ? ಮನ್ಸ ಇಳಿಯೋದು ಇನ್ನೂ ನಡೀತೈತೆ. ನಿಮ್ ಪೇಪರ್ನಾಗೆ ಒಂದ್ ಮಾತು ಹಾಕ್ಸಿ. ಎಲ್ಡ್ ಸಲ ಜಗ್ಗಿದ್ರೆ ಎಳೀರಿ. ಯಾವೂರಾದ್ರೂ ಸರಿ, ಯಾರ್ ಏನ್ ಲೆಕ್ಕ ಹೇಳಿದ್ರೂ ಸರಿ, ಎಳೀರಿ. ಅದ್ನ ದಪ್ಪ ಅಕ್ಸರ್ದಾಗೆ ಹಾಕ್ಸಿ. ನನ್ ಹೆಸ್ರು ಸಣ್ದಾಗಿದ್ರೂ ಪರ್ವಾಗಿಲ್ಲ.”